ನೆತ್ತರ ನಂಟು, ನೆರೆಯ ನಂಟು

ಗಡಿನಾಡಿನ ಯಾವ ಸಾಹಿತ್ಯ ಸಮಾವೇಶಕ್ಕೆ ಹೋದರೂ ಒಬ್ಬರಲ್ಲ ಒಬ್ಬರು ಭಾಷಣಕಾರರು ‘ಕನ್ನಡ–ತೆಲುಗು ಒಂದೇ ಬಳ್ಳಿಯ ಹೂಗಳು, ಒಡಹುಟ್ಟಿದ ಅಕ್ಕತಂಗಿಯರು’ ಎನ್ನದೆ ವೇದಿಕೆಯಿಂದ ಇಳಿಯುವುದಿಲ್ಲ. ಕೌತಾಳಂ, ಆದೋನಿ ಸೀಮೆಯ ನಮ್ಮ ಕಿವಿಗೆ ಈ ಮಾತು ಹಿತವೇ. ಆದರೆ ಹಿತವಾದದ್ದೆಲ್ಲ ವಿಮರ್ಶೆಯಾಗದು. ಎರಡು ಭಾಷೆಗಳಲ್ಲಿ ಯಾವ ಬಗೆಯ ಹೋಲಿಕೆ ಕಂಡೆವು ಎಂಬುದನ್ನು ಹೇಳದೆ ನಂಟಿನ ಹೆಸರು ಹೇಳುವುದು ಅವಸರದ ಮಾತು.

ದೂರದ ಒಂದು ಜೋಡಿಯನ್ನು ನೋಡೋಣ. ಯುರೋಪಿನ ಸರ್ಬಿಯನ್ ಭಾಷೆಯಲ್ಲಿ ಎರಡಕ್ಕೆ ‘ದ್ವಾ’ ಎನ್ನುತ್ತಾರೆ. ಜಾವಾ ದ್ವೀಪದ ಪಶ್ಚಿಮ ಭಾಗದ ಸುಂದಾ ಭಾಷೆಯಲ್ಲಿ ‘ದುವ’. ಇಷ್ಟನ್ನೇ ಕೇಳಿದವರು ಇವೆರಡನ್ನೂ ಒಂದೇ ಮನೆಗೆ ಸೇರಿಸಿಯಾರು. ವಾಸ್ತವದಲ್ಲಿ ‘ದ್ವಾ’ ಸಂಸ್ಕೃತದ ‘ದ್ವಿ’ಗೆ ರಕ್ತಸಂಬಂಧಿ; ‘ದುವ’ ಆಸ್ಟ್ರೊನೇಷಿಯನ್ ಕುಟುಂಬದ ಸ್ವಂತ ಸೊತ್ತು. ಹೋಲಿಕೆ ಬರಿಯ ಆಕಸ್ಮಿಕ. ಅದೇ ಸುಂದಾದಲ್ಲಿ ಭಾಷೆಗೆ ‘ಬಸ’ ಎಂಬ ಪದವಿದೆ. ಅದು ಸಂಸ್ಕೃತದಿಂದ ಹೋದ ಕಡ. ಹೀಗೆ ಹೋಲಿಕೆ ಆಕಸ್ಮಿಕದಿಂದ ಬರಬಹುದು, ರಕ್ತದಿಂದ ಬರಬಹುದು, ಒಡನಾಟದಿಂದಲೂ ಬರಬಹುದು. ನಮ್ಮ ಭಾಷಣಗಳು ಬೆರೆಸಿಬಿಡುವುದು ಕೊನೆಯ ಎರಡನ್ನು.

ಕನ್ನಡವೂ ತೆಲುಗೂ ದ್ರಾವಿಡವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭದ್ರಿರಾಜು ಕೃಷ್ಣಮೂರ್ತಿ ಮೊದಲಾದ ಭಾಷಾವಿಜ್ಞಾನಿಗಳ ವಂಶವೃಕ್ಷದಲ್ಲಿ ಕನ್ನಡದ ಹತ್ತಿರದ ಒಡಹುಟ್ಟುಗಳು ತಮಿಳು, ಮಲೆಯಾಳ, ಕೊಡವ, ತುಳು. ತೆಲುಗು ಕುಳಿತಿರುವುದು ಗೋಂಡಿ, ಕುಯಿ, ಕುವಿಗಳ ಪಂಕ್ತಿಯಲ್ಲಿ. ಅಂದರೆ ಇವರು ಅಕ್ಕತಂಗಿಯರಲ್ಲ, ದಾಯಾದಿಗಳು. ಇದರ ಗುರುತು ನಮ್ಮ ಬೀದಿಯ ಮಾತಿನಲ್ಲೇ ಇದೆ. ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ‘ಕೆರೆ’ ಅಲ್ಲಿ ‘ಚೆರುವು’. ‘ಎರಡು’ ತನ್ನ ಮೊದಲ ಸ್ವರವನ್ನು ಒಳಗೆ ತಳ್ಳಿಕೊಂಡು ‘ರೆಂಡು’ ಆಗಿದೆ. ‘ಒರಳು’ ಹಾಗೆಯೇ ‘ರೋಲು’. ಕನ್ನಡ ತನ್ನ ಪಾಲಿಗೆ ಪಕಾರವನ್ನು ಹಕಾರ ಮಾಡಿಕೊಂಡಿತು. ತೆಲುಗಿನ ಪಾಲು, ಪುಲಿ, ಪಾಮು, ಪಲ್ಲೆಗಳ ಎದುರಿಗೆ ಹಾಲು, ಹುಲಿ, ಹಾವು, ಹಳ್ಳಿ. ಹಳಗನ್ನಡದಲ್ಲಿ ಇವೆಲ್ಲ ಪಕಾರದವೇ ಆಗಿದ್ದವಾದ್ದರಿಂದ, ಎರಡೂ ಮಾತು ಬಲ್ಲ ಗಡಿಯ ಹುಡುಗನಿಗೆ ಪಂಪನ ‘ಪಾಲ್’, ‘ಪುಲಿ’ಗಳಿಗೆ ಅರ್ಥಕೋಶ ಬೇಡ. ಮೈಸೂರಿನ ಹುಡುಗನಿಗೆ ಬೇಕು! (ಎಲ್ಲ ಜೋಡಿಯೂ ಇಷ್ಟು ವಿಧೇಯವಲ್ಲ. ತೆಲುಗಿನಲ್ಲಿ ‘ಮಾಟ’ ಎಂದರೆ ಮಾತು. ಕನ್ನಡದಲ್ಲಿ ‘ಮಾಟ’ ಮಾಡಿಸಿದರೆಂದರೆ ಸಂಗತಿ ಬೇರೆ.)

ಶಬ್ದಗಳಿಗಿಂತ ವ್ಯಾಕರಣದ ಭೇದ ಆಳವಾದದ್ದು. ತೆಲುಗಿನಲ್ಲಿ ‘ಆಮೆ ವಚ್ಚಿಂದಿ’ ಎಂಬಾಗಿನ ಕ್ರಿಯಾಪದವೇ ಹಸು ಬಂದಾಗಲೂ ಸಲ್ಲುತ್ತದೆ. ಏಕವಚನದಲ್ಲಿ ಸ್ತ್ರೀಲಿಂಗಕ್ಕೆ ಬೇರೆ ಪ್ರತ್ಯಯವಿಲ್ಲ. ಬಹುವಚನಕ್ಕೆ ಬಂದೊಡನೆ ಹೆಂಗಸರು ಗಂಡಸರೊಡನೆ ‘ವಚ್ಚಾರು’ ಎಂಬುದರಲ್ಲಿ ಕೂಡಿಕೊಳ್ಳುತ್ತಾರೆ. ಕನ್ನಡದಲ್ಲಿ ‘ಬಂದಳು’, ‘ಬಂತು’ ಬೇರೆಬೇರೆ. ಆದುದರಿಂದ ತೆಲುಗು ಮನೆಮಾತಿನ ಮಗು ‘ಅಕ್ಕ ಬಂತು’ ಎಂದು ಬರೆದರೆ ಅದು ಅಶಿಸ್ತೂ ಅಲ್ಲ, ಅಗೌರವವೂ ಅಲ್ಲ. ಒಂದು ವ್ಯಾಕರಣದ ನಿಯಮ ಇನ್ನೊಂದಕ್ಕೆ ನಿಷ್ಠೆಯಿಂದ ದಾಟಿ ಬಂದದ್ದು. ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕುವಾಗ ಈ ಕಾರಣವನ್ನು ಮಗುವಿಗೆ ಹೇಳುವವರು ಕಡಿಮೆ. ತೆಲುಗಿನ ಇನ್ನೊಂದು ಸಿರಿ ನಮಗಿಲ್ಲ. ಕೇಳುವವನನ್ನು ಸೇರಿಸಿಕೊಂಡ ‘ನಾವು’ ಅಲ್ಲಿ ‘ಮನಮು’, ಬಿಟ್ಟ ‘ನಾವು’ ‘ಮೇಮು’. ಗಡಿಯಲ್ಲಿ ನಿಂತು ‘ನಾವು’ ಎನ್ನುವ ಕನ್ನಡಿಗನ ಮಾತನ್ನು ತೆಲುಗಿಗೆ ತರುವ ಅನುವಾದಕ ಈ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಅವನ ಆಯ್ಕೆ ಬರಿಯ ವ್ಯಾಕರಣದ್ದಾಗಿ ಉಳಿಯುವುದಿಲ್ಲ.

ಹಾಗಾದರೆ ಇಷ್ಟು ಹತ್ತಿರವೆನಿಸುವುದೇಕೆ? ನೆರೆಯಿಂದ. ಸರ್ಬಿಯನ್ನರು ಒಂದೇ ನುಡಿಯನ್ನು ಸಿರಿಲಿಕ್, ಲ್ಯಾಟಿನ್ ಎಂಬ ಎರಡು ಲಿಪಿಗಳಲ್ಲಿ ಬರೆಯುತ್ತಾರೆ; ನಾವು ಎರಡು ನುಡಿಗಳನ್ನು ಶತಮಾನಗಳ ಕಾಲ ಒಂದೇ ಲಿಪಿಯಲ್ಲಿ ಬರೆದೆವು, ಈಗಲೂ ತಲೆಕಟ್ಟಿನಷ್ಟೇ ಅಂತರ ಎಂಬ ಹಾಗೆ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಾಲ್ಕುರಿಕೆ ಸೋಮನಾಥ ತೆಲುಗಿನ ದ್ವಿಪದಿಯಲ್ಲಿ ಹಾಡಿದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡದ ಷಟ್ಪದಿಗೆ ತಂದ. ಕನ್ನಡ ನೆಲದ ಬಸವಣ್ಣನ ಕಥೆ ತೆಲುಗಿನಲ್ಲಿ ಕಾವ್ಯವಾಗಿ ಮನೆಗೆ ಮರಳಿತು. ರಕ್ತಸಂಬಂಧಿಗಳಾದ ತಮಿಳು–ಕನ್ನಡಗಳ ನಡುವೆ ಇಂಥ ಸಲಿಗೆ ಕಾಣುವುದು ಅಪರೂಪ. ನನ್ನ ದೃಷ್ಟಿಯಲ್ಲಿ ‘ಅಕ್ಕತಂಗಿ’ ಎಂಬ ರೂಪಕಕ್ಕಿಂತ ಇದು ದೊಡ್ಡ ಸಂಗತಿ. ಹುಟ್ಟಿನಿಂದ ಬಂದ ನಂಟಿಗೆ ಯಾರೂ ದುಡಿಯಬೇಕಿಲ್ಲ. ಈ ನಂಟಿಗೆ ಕವಿಗಳು, ಶಾಸನ ಬರೆದವರು, ಸಂತೆಗೆ ಬಂದವರು ದುಡಿದಿದ್ದಾರೆ.

ನಮ್ಮ ಸೀಮೆಯಲ್ಲೇ ಇದಕ್ಕೆ ಲೆಕ್ಕದ ಸಾಕ್ಷಿಯಿದೆ. ಆದೋನಿ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1823ರಲ್ಲಿ, ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಜಿಲ್ಲೆಯ ಶಾಲೆಗಳ ವರದಿ ಕಳುಹಿಸಿದ. ಒಟ್ಟು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ತಕ್ಕಡಿಯ ಎರಡು ತಟ್ಟೆ ಹೆಚ್ಚುಕಡಿಮೆ ಸಮ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆಗೆ, ಬಳ್ಳಾರಿ ಈ ಕಡೆಗೆ ಹೋದವು. ಒಡನಾಟದ ಭಾಷೆಗಳು ಅಂದಿನಿಂದ ಬಹುಮತದ್ದು, ಅಲ್ಪಮತದ್ದು ಎಂದಾದವು.

ಅದೇ ಕ್ಯಾಂಬೆಲ್ 1816ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದ. ತೆಲುಗು ಸಂಸ್ಕೃತದ ಮಗಳಲ್ಲ, ತಮಿಳು–ಕನ್ನಡಗಳ ಕುಲದ್ದು ಎಂದು ಎಫ್.ಡಬ್ಲ್ಯೂ. ಎಲ್ಲಿಸ್ ಮೊದಲಿಗೆ ಸಾಧಿಸಿ ತೋರಿಸಿದ್ದು ಅದರ ಮುನ್ನುಡಿಯ ಟಿಪ್ಪಣಿಯಲ್ಲಿ, ಕಾಲ್ಡ್‌ವೆಲ್ಲನ ಗ್ರಂಥಕ್ಕೆ 40 ವರ್ಷ ಮೊದಲು. ಅಂದು ಆ ವ್ಯಾಕರಣ ಕಂಪನಿಯ ಅಧಿಕಾರಿಗಳಿಗಾಗಿ ಬರೆದದ್ದು. ಇಂದು ಎರಡು ವ್ಯಾಕರಣಗಳನ್ನು ಎದುರುಬದುರು ಇಟ್ಟ ತೆಳ್ಳನೆಯ ಪುಸ್ತಕ ಬೇಕಿರುವುದು ಗಡಿಯ ಕನ್ನಡ ಶಾಲೆಯ ಮೇಷ್ಟ್ರಿಗೆ. ಸಂಘ ಮುಂದಿನ ವರ್ಷ ಹಾರ–ಶಾಲುಗಳ ಖರ್ಚನ್ನು ಸ್ವಲ್ಪ ಹಿಡಿದರೆ ಅಂಥದೊಂದನ್ನು ಅಚ್ಚು ಹಾಕಿಸಬಹುದು. ಮೊದಲ ಪುಟದಲ್ಲಿ ‘ಬಂದಳು’, ‘ವಚ್ಚಿಂದಿ’ ಎರಡನ್ನೂ ಅಕ್ಕಪಕ್ಕ ಇಡಲಿ.