ಮಗ್ಗದ ಮನೆಯಲ್ಲಿ ಗೋಕುಲ ನಿರ್ಗಮನ

ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಕುರಿತು ದೊಡ್ಡ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಮಕ್ಕಳಿಗೆ ಉಕ್ತಲೇಖನ ಹೇಳಿಕೊಂಡೇ ಮೂರು ದಶಕ ಕಳೆದ ನಾನು ಅವರ ಸಾಲಿನಲ್ಲಿ ಕೂರುವವಳಲ್ಲ. ಆದರೆ ಆ ಗೀತನಾಟಕದ ಹಾಡುಗಳನ್ನು ಎಂಟು ವಿದ್ಯುತ್ ಮಗ್ಗಗಳ ನಡುವೆ ನಿಂತು ಕೇಳಿದವರು ಬಹುಶಃ ಹೆಚ್ಚಿಲ್ಲ. ಆ ಒಂದು ಅರ್ಹತೆಯ ಮೇಲೆ ಇಷ್ಟು ಬರೆಯುತ್ತಿದ್ದೇನೆ.

ಕೇಳಿಸಿದವನು ನನ್ನ ತಮ್ಮ. ನಮ್ಮ ತಂದೆ ಮೇಲುಕೋಟೆಯಲ್ಲಿ ಗುಂಡಿ ಮಗ್ಗದಲ್ಲಿ ಪಂಚೆ ನೇಯುತ್ತಿದ್ದರು. ಕೈಮಗ್ಗಕ್ಕೂ ಸದ್ದುಂಟು. ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ; ನಡುವೆ ಚೂರು ಬಿಡುವು. ಅಪ್ಪ ಆ ಬಿಡುವಿನಲ್ಲೇ ಉಸಿರೆಳೆದುಕೊಂಡು ದೇವರ ಪದ ಹೇಳುತ್ತಿದ್ದರು. ಪದ ನಿಧಾನವಾದರೆ ನೇಯ್ಗೆಯೂ ನಿಧಾನ. “ಸ್ವಲ್ಪ ಬೇಗಬೇಗ ಹಾಡಿ, ನಾಳೆ ಪಂಚೆ ಕೊಡಬೇಕು” ಎಂದು ಅವ್ವ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು.

ತಮ್ಮ ಹೊಟ್ಟೆಪಾಡಿಗೆಂದು ದೊಡ್ಡಬಳ್ಳಾಪುರಕ್ಕೆ ಹೋಗಿ ಈಗ ಇಪ್ಪತ್ತೆಂಟು ವರ್ಷ. ವಿದ್ಯುತ್ ಮಗ್ಗದಲ್ಲಿ ಬಿಡುವೆಂಬುದಿಲ್ಲ. ಲಾಳಿಯನ್ನು ನಿಮಿಷಕ್ಕೆ ನೂರಕ್ಕೂ ಮೇಲೆ ಸಲ ಅತ್ತಿಂದಿತ್ತ ಹೊಡೆಯುತ್ತದೆ. ಎಂಟು ಮಗ್ಗಗಳದೂ ಎಂಟು ಲೆಕ್ಕ, ಒಂದಕ್ಕೊಂದು ತಾಳ ಕೂಡುವುದಿಲ್ಲ. ಆದ್ದರಿಂದ ಅಲ್ಲಿ ಯಾರೂ ಹಾಡುವುದಿಲ್ಲ, ಹಾಡನ್ನು ಹಾಕುತ್ತಾರೆ. ಗೋಡೆಯ ಹಲಗೆಯ ಮೇಲೆ ಒಂದು ಸ್ಪೀಕರ್, ಅದರ ದನಿ ಕೊನೆಯ ಗೆರೆಯವರೆಗೆ.

ಕಳೆದ ದಸರಾ ರಜೆಗೆ ಹೋದಾಗ ತಮ್ಮ ನನಗೊಂದು ಗೌರವ ಮಾಡಿದ. ನಮ್ಮ ಶಾಲೆಯ ಮಕ್ಕಳು ಹಾಡಿದ ‘ಗೋಕುಲ ನಿರ್ಗಮನ’ದ ಎರಡು ಹಾಡುಗಳನ್ನು ಮೊಬೈಲಿನಿಂದ ಆ ಸ್ಪೀಕರಿಗೆ ಏರಿಸಿದ. ನನಗೆ ಕೇಳಿಸಿದ್ದು ತಬಲದ ಗುಮ್ಮು, ಅಲ್ಲಲ್ಲಿ ತಲೆಯೆತ್ತಿ ಮುಳುಗುವ ಕೊಳಲು. ಮಾತು ಒಂದೂ ಇಲ್ಲ. ತಮ್ಮ ನನ್ನ ಕಿವಿಗೆ ಬಾಯಿಟ್ಟು ಕೂಗಿದ: “ಕೊಳಲು ಚೆನ್ನಾಗದೆ ಕಣಕ್ಕ, ಮಕ್ಕಳು ಪದ ನುಂಗ್ಬಿಟ್ಟವ್ರೆ!”

ಅಲ್ಲಿ ಅದು ಸಹಜವಾದ ಮಾತೇ. ರಾತ್ರಿ ಮನೆಯ ನಿಶ್ಶಬ್ದದಲ್ಲಿ ಅದೇ ಹಾಡನ್ನು ಕೇಳಿ ಅವನು ಅದೇ ಮಾತನ್ನು ಮತ್ತೆ ಹೇಳಿದಾಗ ನನಗೆ ಎದೆ ಧಸಕ್ಕೆಂದಿತು. ಆ ಮಕ್ಕಳಿಗೆ ಉಚ್ಚಾರ ಕಲಿಸಿದವಳು ನಾನು. ಬಾಯಿಗೆ ಪುಸ್ತಕ ಅಡ್ಡ ಹಿಡಿದು, ಮೂರನೇ ತರಗತಿಯವರಿಗೆ ಹೇಳುವಂತೆ ನಾಲ್ಕು ಪದ ಹೇಳಿದೆ: ಸರ, ಚರ, ಶರ, ತರ. ಅವನು ನಾಲ್ಕನ್ನೂ ‘ತರ’ ಎಂದ.

ಕಿವಿಯ ವಿಷಯ ಹೀಗಂತೆ: ಗದ್ದಲ ಮೊದಲು ತಿನ್ನುವುದು ಎತ್ತರದ ದನಿಗಳನ್ನು, ನಾಲ್ಕು ಸಾವಿರ ಹರ್ಟ್ಸ್‌ನ ಆಸುಪಾಸು. ಸ್ವರಾಕ್ಷರಗಳ ಬಲ ಕೆಳಗಿನ ದನಿಗಳಲ್ಲಿದೆ, ಅವು ಉಳಿಯುತ್ತವೆ; ಸಕಾರ ಶಕಾರ ಚಕಾರಗಳ ಗುರುತು ಇರುವುದೇ ಮೇಲೆ, ಅದು ಹೋಗುತ್ತದೆ. ಕೊಳಲಿನ ಸ್ವರ ಕೇಳಿಸುತ್ತದೆ, ಅದರೊಳಗಿನ ಉಸಿರು ಕೇಳಿಸದು. ಒಳಗಿವಿಯ ಆ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಈಗ ಕೃತಿಯ ಮಾತು. ಮೇಲುಕೋಟೆಯಲ್ಲೇ 1905ರಲ್ಲಿ ಹುಟ್ಟಿದ ಪು.ತಿ.ನ. ಹಾಡನ್ನು ಬರೆದು ಸುಮ್ಮನಾದವರಲ್ಲ, ರಾಗವನ್ನೂ ತಾವೇ ಕಂಡವರು, ಹೊಸ ರಾಗಗಳನ್ನೂ ಕಟ್ಟಿದವರು. ಕೃಷ್ಣ ಮಥುರೆಗೆ ಹೊರಡುತ್ತಾನೆ, ಕೊಳಲು ಗೋಕುಲದಲ್ಲೇ ಉಳಿಯುತ್ತದೆ. ಇದರ ನೋವು ಅರ್ಧ ರಾಗದಲ್ಲಿದೆ, ಅರ್ಧ ಮಾತಿನಲ್ಲಿ. ಮಾತು ಬಿದ್ದುಹೋದರೆ ವಿರಹವೆಲ್ಲ ಬರೀ ಇಂಪಾಗುತ್ತದೆ. ಮತ್ತೊಂದನ್ನೂ ಹೇಳಲೇಬೇಕು: ಅವರ ಪದಗಳು ಸುಲಭವಲ್ಲ. ಒಳ್ಳೆಯ ಕಿವಿಗೂ ಎರಡನೆಯ ಸಲ ಬೇಕು. ಸಿನಿಮಾ ಹಾಡಿನಲ್ಲಿ ಅರ್ಧ ಕೇಳಿದರೆ ಉಳಿದರ್ಧವನ್ನು ನೆನಪು ತುಂಬಿಕೊಡುತ್ತದೆ. ಇಲ್ಲಿ ಹಾಗೆ ಊಹಿಸಲು ಬರುವುದಿಲ್ಲ. ಮಗ್ಗದ ಮನೆಗಳಲ್ಲಿ ಡೋಲಿನ ಹಾಡು, ಗೊತ್ತಿರುವ ಹಾಡುಗಳೇ ಓಡುವುದನ್ನು ಕಂಡು ನಾನು ಹಿಂದೆ ‘ಅಭಿರುಚಿ ಕೆಟ್ಟಿತು’ ಎಂದು ಮೂಗು ಮುರಿದದ್ದುಂಟು. ಅದು ಅಭಿರುಚಿಯಲ್ಲ, ಆ ಸದ್ದಿನಲ್ಲಿ ಬದುಕುಳಿಯುವ ಹಾಡುಗಳು ಅವು ಮಾತ್ರ. ಯುದ್ಧಕಾಲದಲ್ಲಿ, 1940ರಿಂದ, ಬಿಬಿಸಿಯವರು ಕಾರ್ಖಾನೆಯ ಕೆಲಸಗಾರರಿಗಾಗಿಯೇ ಸಂಗೀತ ಬಿತ್ತರಿಸಿದಾಗಲೂ ಮೆಲುದನಿಯ ಸಂಗೀತವನ್ನು ದೂರವಿಟ್ಟಿದ್ದರಂತೆ.

ದನಿ ಏರಿಸಿದ್ದೇಕೆ ಎಂದರೆ ತಮ್ಮ, “ಮಗ್ಗದ ಸದ್ದು ಕಿವಿಗೆ ಬೀಳ್ಬಾರ್ದು ಅಂತ್ಲೇ” ಎಂದ. ಬೀಳುವುದು ತಪ್ಪುವುದಿಲ್ಲ, ಎರಡೂ ಬೀಳುತ್ತವೆ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ತಜ್ಞರ ಸಲಹೆ, ನಮ್ಮ ಕಾರ್ಖಾನೆ ನಿಯಮದಲ್ಲಿ 90. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿ, ಹಾಗಾಗಿ ಮೊದಲ ಲೆಕ್ಕದಲ್ಲಿ 94ಕ್ಕೆ ಒಂದೇ ಗಂಟೆ. ಮಗ್ಗದ ಮನೆಗಳು 90 ದಾಟುವುದು ಸಾಮಾನ್ಯ. ಅದರ ಮೇಲೆ ಹಾಡು ಕೇಳಬೇಕಾದರೆ ನೂರರ ಹತ್ತಿರ ಹೋಗಬೇಕು, ನೂರಕ್ಕೆ ಹದಿನೈದು ನಿಮಿಷ ಮಾತ್ರ. ಅವನು ಕಿವಿಗೆ ಹತ್ತಿ ತುರುಕಿಕೊಂಡದ್ದೂ ಉಂಟು. ಹತ್ತಿಯಿಂದ ಏನೇನೂ ಸಾಲದು.

ಮೈಸೂರಿನಲ್ಲಿ ಹುಡುಕಿ ಒಂದು ಜೊತೆ ಕಿವಿಮುಚ್ಚುಗ ತಂದುಕೊಟ್ಟೆ. ಕಿವಿಯನ್ನು ಪೂರಾ ಮುಚ್ಚುವ, ಮೆತ್ತೆಯಿರುವ ಬಟ್ಟಲಿನಂಥದು. ಪೊಟ್ಟಣದ ಮೇಲೆ ಬರೆದಷ್ಟು ತಡೆಯದಿದ್ದರೂ, ಸಂದಿಲ್ಲದಂತೆ ಕೂತರೆ ಹದಿನೈದಿಪ್ಪತ್ತು ಡೆಸಿಬೆಲ್ ಇಳಿದೀತು. ಅದರೊಳಗೆ ತಂತಿ ಸಂದು ಮಾಡದ ಸಣ್ಣ ಇಯರ್‌ಫೋನ್. ಹೊರಗೆ ಇಳಿದಷ್ಟೂ ಹಾಡಿನ ದನಿಯನ್ನೂ ಇಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್, ವಾರಕ್ಕೆ ನಲವತ್ತು ಗಂಟೆ. ಇಳಿಸದಿದ್ದರೆ ಮುಚ್ಚುಗದೊಳಗೇ ಇನ್ನೊಂದು ಮಗ್ಗ ಹೂಡಿಕೊಂಡಂತೆ.

“ಕಿವಿಗೆ ಗಡಿಗೆ ಕಟ್ಕೊಂಡಂಗಾಯ್ತದೆ, ಮಗ್ಗ ಕೆಟ್ರೆ ಗೊತ್ತಾಗೋದು ಹೆಂಗೆ?” ಎಂದು ವಾದಿಸಿದ. ಆ ಭಯ ಸುಳ್ಳಲ್ಲ. ಹಾಡಿಲ್ಲದೆ, ಬರೀ ಮುಚ್ಚುಗ ಹಾಕಿಕೊಂಡು ಎರಡು ಮಗ್ಗದ ಹತ್ತಿರ ಒಂದು ವಾರ ನೋಡು ಎಂದೆ. ವಾರದ ಮೇಲೆ ಫೋನು ಮಾಡಿದ: ಸದ್ದೆಲ್ಲ ಒಟ್ಟಿಗೇ ಇಳಿಯುವುದರಿಂದ ಲಾಳಿ ತಪ್ಪಿದ್ದು ತಿಳಿಯುತ್ತದಂತೆ, ಸಂಜೆ ತಲೆ ಗುಂಯ್‌ಗುಡುವುದು ಕಡಿಮೆಯಂತೆ. ಹಾಡು ಊಟದ ಬಿಡುವಿನಲ್ಲಿ ಮಾತ್ರ.

ಸಂಕ್ರಾಂತಿಗೆ ಊರಿಗೆ ಬಂದಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಅದೇ ಎರಡು ಹಾಡನ್ನು ಸಣ್ಣ ದನಿಯಲ್ಲಿ ಹಾಕಿದ. ನಡುವೆ ನಿಲ್ಲಿಸಿ, “ಅಕ್ಕ, ಕೊಳಲು ಆದ ಮೇಲೆ ಬರೋ ಆ ಪದ ಯಾವುದು?” ಎಂದ. ಚೀಲದಿಂದ ಪೆನ್ನು ತೆಗೆದು ಬಸ್ಸಿನ ಟಿಕೇಟಿನ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅದನ್ನು ನೋಡಿಕೊಂಡು ಹಾಡನ್ನು ಮೊದಲಿನಿಂದ ಹಾಕಿದ.