ಕೊಂಡಿಗೆ ಮುನ್ನ ಆರು ಮಾತು

ಶಾಸ್ತ್ರವನ್ನು ವ್ಯಾಖ್ಯಾನಿಸಲು ತೊಡಗುವ ಆಚಾರ್ಯನು ಮೊದಲು ಆರು ವಿಷಯಗಳನ್ನು ತಿಳಿಸಬೇಕೆಂಬುದು ಪ್ರಾಚೀನ ಜೈನ ಪರಂಪರೆಯ ನಿಯಮ. ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ ಇವೇ ಆ ಆರು. ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ಧವಲಾ ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು ಗ್ರಂಥಾರಂಭದಲ್ಲಿಯೇ ಈ ನಿಯಮವನ್ನು ಸ್ಮರಿಸಿ, ಒಂದೊಂದನ್ನೂ ವಿವರಿಸಿದ ಬಳಿಕವೇ ಮುಂದೆ ಸಾಗುತ್ತಾರೆ. 72,000 ಶ್ಲೋಕ ಪ್ರಮಾಣದ್ದೆಂದು ಹೇಳಲಾಗುವ ಆ ಮಹಾಟೀಕೆಯ ಬಾಗಿಲಲ್ಲಿ ನಿಂತ ಓದುಗನಿಗೆ, ತಾನು ಪ್ರವೇಶಿಸುತ್ತಿರುವುದು ಯಾವ ಗ್ರಂಥ, ಅದು ಯಾರದು, ಎಷ್ಟು ದೊಡ್ಡದು, ಅದರಿಂದ ಪ್ರಯೋಜನವೇನು ಎಂಬುದು ತಿಳಿದಿರುತ್ತದೆ. ಇದು ಕೇವಲ ಶಿಷ್ಟಾಚಾರವಲ್ಲ. ಕೇಳುಗನ ವಿವೇಕಕ್ಕೆ ಸಲ್ಲಿಸುವ ಗೌರವ.

ಇಂದು ಶ್ರಾವಕ ಸಮಾಜದ ವಿಚಾರ ವಿನಿಮಯವು ಬಹುಮಟ್ಟಿಗೆ ಮೊಬೈಲ್ ಫೋನಿನ ಮೂಲಕ ನಡೆಯುತ್ತಿದೆ. ಮುನಿಗಳ ಪ್ರವಚನ, ಪಂಚಕಲ್ಯಾಣದ ಆಮಂತ್ರಣ, ಹಳೆಯ ಗ್ರಂಥದ ಸ್ಕ್ಯಾನ್ ಪ್ರತಿ, ವಿದ್ಯಾರ್ಥಿವೇತನದ ಅರ್ಜಿ, ರೋಗಿಯ ಚಿಕಿತ್ಸೆಗೆ ಧನಸಹಾಯದ ಕೋರಿಕೆ ಎಲ್ಲವೂ ‘ಲಿಂಕ್’ ಎಂದು ಜನ ಕರೆಯುವ ಕೊಂಡಿಯ ರೂಪದಲ್ಲಿ ಬರುತ್ತವೆ. ಆ ಕೊಂಡಿಯ ಜೊತೆಗೆ ಬರೆಯುವ ಒಂದೆರಡು ಸಾಲು ಕೂಡ ಒಂದು ಬರವಣಿಗೆಯೇ. ಬರವಣಿಗೆಯಾದ ಮೇಲೆ ಅದು ವಿಮರ್ಶೆಗೆ ಒಳಪಡಬೇಕು.

ಈ ಬರವಣಿಗೆಯಲ್ಲಿ ಮೂರು ಬಗೆಗಳು ಹೆಚ್ಚಾಗಿ ಕಾಣುತ್ತವೆ. ಮೊದಲನೆಯದು, ಒಂದು ಮಾತೂ ಇಲ್ಲದ ಬರಿಯ ಕೊಂಡಿ. ಎರಡನೆಯದು, ‘ಇಲ್ಲಿ ಒತ್ತಿರಿ’ ಎಂಬ ಸೂಚನೆ. ಮೂರನೆಯದು, ‘ತಪ್ಪದೆ ನೋಡಿ, ಎಲ್ಲರಿಗೂ ಕಳುಹಿಸಿ’ ಎಂಬ ಆಗ್ರಹ. ಮೂರಕ್ಕೂ ಮೇಲೆ ‘ಜೈ ಜಿನೇಂದ್ರ’ ಇರುತ್ತದೆ. ಧವಲೆಯ ಆರು ಅಂಗಗಳಲ್ಲಿ ಮಂಗಲವೊಂದು ಉಳಿದು, ಮಿಕ್ಕ ಐದು ಅಳಿದಿವೆ ಎಂದರೆ ತಪ್ಪಾಗಲಾರದು.

ಉಳಿಯಬೇಕಾಗಿದ್ದ ಐದರಲ್ಲಿ ಪರಿಮಾಣವು ತೀರ ಸಣ್ಣ ವಿಷಯವೆಂದು ತೋರಬಹುದು. ಆದರೆ ಐದು ನಿಮಿಷದ ಮಾತೋ ಎರಡು ಗಂಟೆಯ ಉಪನ್ಯಾಸವೋ ಎಂದು ತಿಳಿಯದೆ ಕೊಂಡಿಯನ್ನು ತೆರೆದವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಅರ್ಧ ಕೇಳಿದ ಧರ್ಮೋಪದೇಶವು ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಭ್ರಮಿಸುವಂತೆ ಮಾಡಬಲ್ಲದು.

ಕರ್ತೃವಿನ ವಿಷಯ ಇದಕ್ಕಿಂತ ಗಂಭೀರವಾದುದು. ವೀರಸೇನಾಚಾರ್ಯರು ಅರ್ಥಕರ್ತೃ, ಗ್ರಂಥಕರ್ತೃ ಎಂದು ಭೇದವನ್ನು ಹೇಳುತ್ತಾರೆ. ಅರ್ಥವನ್ನು ಉಪದೇಶಿಸಿದವರು ಭಗವಾನ್ ಮಹಾವೀರರು. ಅದನ್ನು ಗ್ರಂಥರೂಪಕ್ಕೆ ತಂದವರು ಗೌತಮ ಗಣಧರರು. ಜಯಧವಲೆಯಲ್ಲಿಯೂ ಮೊದಲ 20,000 ಶ್ಲೋಕ ಪ್ರಮಾಣದಷ್ಟು ವೀರಸೇನರದು, ಉಳಿದ 40,000 ಅವರ ಶಿಷ್ಯ ಜಿನಸೇನರದು ಎಂದು ಪರಂಪರೆ ವಿಂಗಡಿಸಿ ಹೇಳುತ್ತದೆ. ಗುರುಶಿಷ್ಯರ ನಡುವೆಯೇ ಇಷ್ಟು ಎಚ್ಚರವನ್ನು ಪಾಲಿಸಿದ ಪರಂಪರೆಯ ವಾರಸುದಾರರು, ಪ್ರವಚನ ನೀಡಿದವರು ಯಾರು, ಅದನ್ನು ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿ ತಲೆಬರಹ ಕೊಟ್ಟವರು ಯಾರು ಎಂಬ ಭೇದವನ್ನು ಗಮನಿಸದಿರುವುದು ಶೋಚನೀಯ. ಕತ್ತರಿಸಿದವನ ಅಭಿಪ್ರಾಯವು ಮುನಿಗಳ ಅಭಿಪ್ರಾಯವಾಗಿ ಊರೂರಿಗೆ ಹರಡುವುದು ಹೀಗೆಯೇ.

ಈ ಆರರಲ್ಲಿ ಪ್ರತ್ಯೇಕವಾಗಿ ಹೆಸರಿಸದ ಅಂಶ ಕಾಲ. ಅದಕ್ಕೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನು ನೋಡಬೇಕು. ವಸ್ತುವನ್ನು ಅರಿಯಲು ಅಲ್ಲಿ ಹೇಳಿದ ನಿರ್ದೇಶ, ಸ್ವಾಮಿತ್ವ, ಸಾಧನ, ಅಧಿಕರಣ, ಸ್ಥಿತಿ, ವಿಧಾನಗಳಲ್ಲಿ ‘ಸ್ಥಿತಿ’ ಎಂದರೆ ಕಾಲಮರ್ಯಾದೆ. ಇದಕ್ಕೆ ಒಂದು ನಿದರ್ಶನವಿದೆ. ಸಲ್ಲೇಖನವು ಶಿಕ್ಷಾರ್ಹವೆಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ತೀರ್ಪು ನೀಡಿದ್ದು 2015ರ ಆಗಸ್ಟ್ 10ರಂದು. ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ನೀಡಿದ್ದು ಅದೇ ತಿಂಗಳ 31ರಂದು. ಈ ಇಪ್ಪತ್ತೊಂದು ದಿನಗಳ ನಡುವಣ ಒಂದು ವರದಿಯ ಕೊಂಡಿಯನ್ನು ದಿನಾಂಕವಿಲ್ಲದೆ ಇಂದು ಕಳುಹಿಸಿದರೆ, ವರದಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲದಿದ್ದರೂ ಓದಿದವರ ಮನಸ್ಸಿನಲ್ಲಿ ಸುಳ್ಳು ನೆಲೆಗೊಳ್ಳುತ್ತದೆ. ವ್ರತವನ್ನು ಸ್ವೀಕರಿಸಲು ನಿಶ್ಚಯಿಸಿದ ವೃದ್ಧರೊಬ್ಬರ ಮನೆಯಲ್ಲಿ ಆ ಸುಳ್ಳು ಎಂಥ ಕಳವಳವನ್ನು ಹುಟ್ಟಿಸಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ.

ತಂತ್ರಜ್ಞಾನವೇ ಕೊಂಡಿಯ ಜೊತೆಗೆ ತಲೆಬರಹವನ್ನೂ ಚಿತ್ರವನ್ನೂ ತೋರಿಸುವಾಗ ಬೇರೆ ವಿವರಣೆ ಏಕೆ ಎಂಬ ಆಕ್ಷೇಪವುಂಟು. ಆದರೆ ಆ ತಲೆಬರಹ ವಸ್ತುವನ್ನು ಸಿದ್ಧಪಡಿಸಿದವನದು, ಹಲವು ವೇಳೆ ನೋಡುಗರನ್ನು ಸೆಳೆಯಲೆಂದೇ ಹೆಣೆದದ್ದು. ವಿಷಯವನ್ನು ಮರೆಮಾಡಿ ಕುತೂಹಲವನ್ನು ಕೆರಳಿಸುವ ಮಾತು ಮಾಯಾ ಕಷಾಯದ ನೆರೆಯಲ್ಲಿಯೇ ಇರುತ್ತದೆ. ವಿವರಣೆಯಾದರೋ ಕಳುಹಿಸುವವನದು. ತಾನು ಓದದೆ, ಕೇಳದೆ ಅದನ್ನು ಬರೆಯಲಾಗದು; ಅದರ ನಿಜವಾದ ಉಪಯೋಗವೇ ಇದು. ಪರಿಶೀಲಿಸದೆ, ಪ್ರಯೋಜನವನ್ನು ಯೋಚಿಸದೆ ಅಧಿಕವಾಗಿ ಪ್ರವರ್ತಿಸುವುದನ್ನು ‘ಅಸಮೀಕ್ಷ್ಯಾಧಿಕರಣ’ ಎಂದು ಕರೆದು, ಅನರ್ಥದಂಡವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಓದದೆ ಮುಂದಕ್ಕೆ ಕಳುಹಿಸುವ ಅಭ್ಯಾಸಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ಕಷ್ಟ.

ದೃಷ್ಟಿಹೀನರ ಪಾಡನ್ನೂ ಇಲ್ಲಿ ನೆನೆಯಬೇಕು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವು ಒಂದು ಪುಟದ ಕೊಂಡಿಗಳನ್ನು ಮಾತ್ರ ಆಯ್ದು ಹೇಳಬಲ್ಲದು. ಹತ್ತು ಕಡೆ ‘ಇಲ್ಲಿ ಒತ್ತಿರಿ’ ಎಂದಿದ್ದರೆ ಅವರ ಕಿವಿಗೆ ಬೀಳುವುದು ಅದೇ ಮಾತು ಹತ್ತು ಸಲ. ಕೊಂಡಿಯ ಗುರಿ ಸ್ಪಷ್ಟವಾಗಿರಬೇಕೆಂದು ಅಂತರಜಾಲದ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯು 1999ರಲ್ಲಿಯೇ ವಿಧಿಸಿತು. 2008ರ ಪರಿಷ್ಕರಣೆಯಲ್ಲಿ ಅದನ್ನು ಪಾಲನೆಯ ಮೊದಲ ಹಂತದಲ್ಲಿಯೇ ಇರಿಸಿತು.

ವಿವರಣೆ ಅತಿಯಾದರೂ ದೋಷವೇ. ಕೊಂಡಿಗೆ ಎರಡು ಪುಟದ ಪೀಠಿಕೆ ಬರೆಯುವುದು ಅದೇ ವ್ರತದ ಮತ್ತೊಂದು ಅತಿಚಾರವಾದ ಮೌಖರ್ಯಕ್ಕೆ, ಅಂದರೆ ವಾಚಾಳಿತನಕ್ಕೆ ದಾರಿ. ಹಿತವೂ ಮಿತವೂ ಆದ ಮಾತಿಗೆ ಎರಡು ಸಾಲು ಸಾಕು. ‘ಷಟ್ಖಂಡಾಗಮ, ಧವಲಾ ಟೀಕೆ ಸಹಿತ, ಮೊದಲ ಸಂಪುಟ. ಸಂಪಾದಕರು ಹೀರಾಲಾಲ್ ಜೈನ್, 1939ರ ಮುದ್ರಣ, ಹಿಂದಿ ಅನುವಾದವಿದೆ. ಶಾಸ್ತ್ರಾರಂಭದ ಆರು ಅಂಗಗಳನ್ನು ಮೂಲದಲ್ಲಿಯೇ ನೋಡಬಯಸುವವರಿಗೆ’ ಎಂಬಷ್ಟರಲ್ಲಿ ನಾಮ, ಕರ್ತೃ, ಕಾಲ, ನಿಮಿತ್ತ, ಹೇತುಗಳೆಲ್ಲ ಅಡಗಿವೆ. ಪುಟಗಳ ಸಂಖ್ಯೆಯೊಂದನ್ನು ಸೇರಿಸಿದರೆ ಪರಿಮಾಣವೂ ಪೂರ್ಣ. ಹಿಂದಿ ಬಾರದವರು ಅದನ್ನು ತೆರೆಯುವ ಶ್ರಮದಿಂದ ಪಾರಾಗುತ್ತಾರೆ. ಬೇಕಾದವರು ನಿಶ್ಚಿಂತೆಯಿಂದ ತೆರೆಯುತ್ತಾರೆ.

ಕೊನೆಗೆ ಉಳಿಯುವ ಪ್ರಶ್ನೆ ವಿಶ್ವಾಸದ್ದು. ಸಾಧರ್ಮಿಕರು ಕಳುಹಿಸಿದ್ದೆಂಬ ಒಂದೇ ಕಾರಣದಿಂದ ಜನ ಬರಿಯ ಕೊಂಡಿಯನ್ನು ತೆರೆಯುತ್ತಾರೆ. ವಂಚಕನು ಕಳುಹಿಸುವ ಕೊಂಡಿಯೂ ಬರಿದಾಗಿಯೇ ಇರಬಲ್ಲದು. ಧನಸಹಾಯದ ಹೆಸರಿನಲ್ಲಿ ಬಂದದ್ದಾದರೆ ನಷ್ಟ ಕರುಣೆಯುಳ್ಳವರಿಗೇ. ಸಜ್ಜನರೆಲ್ಲರೂ ವಿವರಣೆಯನ್ನು ಬರೆಯುವ ರೂಢಿಯನ್ನು ಬೆಳೆಸಿಕೊಂಡಲ್ಲಿ, ವಿವರಣೆಯಿಲ್ಲದ ಕೊಂಡಿಯು ತಾನಾಗಿಯೇ ಸಂದೇಹಕ್ಕೆ ಪಾತ್ರವಾಗುತ್ತದೆ. ವಂಚಕನೂ ವಿವರಣೆ ಬರೆದಾನು, ನಿಜ. ಆಗ ಅವನ ಮಾತನ್ನು ಪರೀಕ್ಷಿಸಲು ಕರ್ತೃವಿನ ಹೆಸರಾದರೂ ಓದುಗನ ಕೈಯಲ್ಲಿರುತ್ತದೆ. ಭಾಷಾ ಸಮಿತಿ ಮುನಿಗಳಿಗೆ ವಿಧಿಸಿದ ನಿಯಮವಾದರೂ ಶ್ರಾವಕನು ತನ್ನ ಮಟ್ಟದಲ್ಲಿ ಅದನ್ನು ಅನುಸರಿಸಲು ಅಡ್ಡಿಯಿಲ್ಲ. ಫೋನಿನ ಗುಂಡಿಯನ್ನು ಒತ್ತುವ ಮೊದಲು ಎರಡು ಸಾಲು ಬರೆಯುವಷ್ಟು ಕಾಲ ತಡೆಯುವುದು ಅದರ ಆರಂಭ.