ರೋಮನ್ ಹೆದ್ದಾರಿಗಳ ಗಣಕೀಯ ನಕ್ಷೆ: ಗ್ರಂಥಸಂಪಾದನೆಯ ದೃಷ್ಟಿಯಿಂದ

ಅಳಿದುಹೋದ ದಾರಿಯನ್ನು ನಕ್ಷೆಯ ಮೇಲೆ ಮತ್ತೆ ಎಳೆಯುವುದು, ತ್ರುಟಿತವಾದ ಓಲೆಗರಿಯ ಪಾಠವನ್ನು ತುಂಬುವುದಕ್ಕೆ ಸಮೀಪವಾದ ಕಾರ್ಯ. 2025ರ ನವೆಂಬರ್‌ನಲ್ಲಿ ಪ್ರಕಟವಾದ ‘ಇಟಿನರ್-ಇ’ ಎಂಬ ರೋಮನ್ ರಸ್ತೆಗಳ ಗಣಕೀಯ ನಕ್ಷೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ. ಕ್ರಿ.ಶ. 150ರ ಸುಮಾರಿನ ಸಾಮ್ರಾಜ್ಯವನ್ನು ಕುರಿತ ಈ ನಕ್ಷೆಯಲ್ಲಿ ರಸ್ತೆಗಳ ಒಟ್ಟು ಉದ್ದ 2,99,171 ಕಿ.ಮೀ.; ಹಿಂದಿನ ಗಣಕೀಯ ಸಂಗ್ರಹದಲ್ಲಿ ಇದ್ದುದು 1,88,555 ಕಿ.ಮೀ.

ಈ ಹೆಚ್ಚಳವೆಲ್ಲ ಉತ್ಖನನದಿಂದ ದೊರೆತದ್ದೆಂದು ಓದುಗರು ಭಾವಿಸುವ ಸಂಭವವಿದೆ. ವಸ್ತುಸ್ಥಿತಿ ಹಾಗಿಲ್ಲ. ಐಬೀರಿಯಾ, ಗ್ರೀಸ್, ಉತ್ತರ ಆಫ್ರಿಕಗಳ ಹೆಚ್ಚಿನ ದಾರಿಗಳು ಸೇರಿರುವುದು ಒಂದು ಕಾರಣ. ಹಿಂದೆ ನೇರವಾಗಿ ಎಳೆದಿದ್ದ ಗೆರೆಗಳನ್ನು ಬೆಟ್ಟ ಕಣಿವೆಗಳ ತಿರುವಿಗೆ ಹೊಂದಿಸಿರುವುದು ಇನ್ನೊಂದು ಕಾರಣ. ಸಂಪಾದಕರೇ ತಿಳಿಸಿರುವಂತೆ ನಿಶ್ಚಿತವಾಗಿ ಗುರುತಿಸಬಲ್ಲ ಭಾಗ ಶೇ. 2.7 ಮಾತ್ರ. ಸುಮಾರು ಶೇ. 90ರಷ್ಟು ಅನುಮಾನಿತ, ಉಳಿದದ್ದು ಕೇವಲ ಊಹೆ. ಪ್ರತಿಯೊಂದು ತುಣುಕಿಗೂ ಈ ಭೇದವನ್ನು ದಾಖಲಿಸಿರುವುದು ಕೃತಿಯ ದೊಡ್ಡ ಗುಣ.

ಇಂತಹ ಕಾರ್ಯಕ್ಕೆ ಒಂದು ಮುಖ್ಯ ಆಕರ ವಿಯೆನ್ನಾದಲ್ಲಿರುವ ‘ಪಾಯ್ಟಿಂಗರ್ ಪಟ’. ರೋಮನ್ ಮೂಲದ ಈ ಪಟ ನಮಗೆ ದೊರೆತಿರುವುದು ಮಧ್ಯಯುಗದ ಪ್ರತಿಯಾಗಿ. ಅದರ ಉದ್ದ ಆರು ಮೀಟರಿಗೂ ಹೆಚ್ಚು, ಅಗಲ ಸುಮಾರು 34 ಸೆಂ.ಮೀ. ಹೀಗಾಗಿ ಮೆಡಿಟರೇನಿಯನ್ ಸಮುದ್ರವೇ ಅಲ್ಲಿ ಕಾಲುವೆಯಂತೆ ಕಿರಿದಾಗಿದೆ. ಊರಿನ ನಂತರ ಊರು, ನಡುವಣ ದೂರ ಎಷ್ಟು ಎಂಬುದನ್ನು ಅದು ಹೇಳುತ್ತದೆ; ದಾರಿ ಯಾವ ಗುಡ್ಡವನ್ನು ಬಳಸಿತೆಂಬುದನ್ನು ಹೇಳುವುದಿಲ್ಲ. ಗಣಕವು ತುಂಬುವುದು ಆ ಮೌನವನ್ನು.

ಅಪಾಯವಿರುವುದೂ ಇಲ್ಲಿಯೇ. ಭೂಮಿಯ ಏರಿಳಿತವನ್ನು ನೋಡಿ ಸುಗಮವೆಂದು ತೋರಿದೆಡೆ ಗೆರೆ ಎಳೆದು, ಅನಂತರ ಅದೇ ಗೆರೆಯನ್ನು ಮುಂದಿಟ್ಟು ‘ರೋಮನ್ನರು ಸುಗಮ ಮಾರ್ಗವನ್ನೇ ಆರಿಸಿದರು’ ಎಂದರೆ ಅದು ಅನ್ಯೋನ್ಯಾಶ್ರಯ ದೋಷ. ಸಂಪಾದಕನ ಊಹಾಪಾಠವನ್ನು ಕವಿಯ ಪ್ರಯೋಗವೆಂದು ಉದಾಹರಿಸಿದಂತೆ. ನಮ್ಮ ಪರಿಷ್ಕರಣಗಳಲ್ಲಿ ಊಹಾಪಾಠವನ್ನು ಆವರಣದೊಳಗೆ ಇಡುತ್ತೇವೆ. ನಕ್ಷೆಯನ್ನು ಬಳಸುವವರು ಗೆರೆಯನ್ನು ಮಾತ್ರ ಎತ್ತಿಕೊಂಡು ಆವರಣವನ್ನು ಬಿಟ್ಟುಬಿಡಬಾರದು.

ಈ ಎಚ್ಚರ ನಮಗೂ ಪ್ರಸ್ತುತ. ಕನ್ನಡ ಶಾಸನಗಳ ಎಲ್ಲೆವಿವರಣೆಗಳಲ್ಲಿ ಬರುವ ಹೆಬ್ಬಟ್ಟೆಗಳನ್ನು ಮುಂದೆ ಯಾರಾದರೂ ಗಣಕದ ನಕ್ಷೆಗೆ ಏರಿಸಿಯಾರು. ಒಂದು ಹೊಲದ ಮೂಡಣ ಎಲ್ಲೆಯಲ್ಲಿ ಹೆಬ್ಬಟ್ಟೆ ಇತ್ತೆಂಬುದಷ್ಟೇ ಶಾಸನದ ಸಾಕ್ಷ್ಯ. ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದು ಸಂಶೋಧಕನ ಹೊಣೆ. ಆ ಎರಡನ್ನೂ ಒಂದೇ ಮಸಿಯಲ್ಲಿ ಬರೆಯಲಾಗದು.